ಅವಳಿಗೊಂದು ಪದ, ನನಗೊಂದು ಪದ

ಪಕ್ಕದ ಮನೆಯವರು ತಾರಸಿಯ ಮೇಲೆ ಕಾಫಿ ಹಣ್ಣು ಒಣಹಾಕಿದ್ದಾರೆ. ಬಿಸಿಲೇರಿದಂತೆ ಅದರ ಹುಳಿ ಬೆರೆತ ಸಿಹಿ ವಾಸನೆ ಚಿಕ್ಕಮಗಳೂರಿನ ಈ ಬಾಡಿಗೆ ಮನೆಯ ಕಿಟಕಿಯಿಂದ ಒಳಗೆ ಬಂದು, ಬೇಡವೆಂದರೂ ನನ್ನನ್ನು ಮಲ್ಲಂದೂರಿನ ನಮ್ಮ ಕಣಕ್ಕೆ ಎಳೆದೊಯ್ಯುತ್ತದೆ. ಆ ತೋಟ ಮಾರಿಹೋಯಿತು. ಕಾಫಿ ಒಣಗುತ್ತಿದ್ದ ಕಣದಲ್ಲೀಗ ಹೋಮ್‌ಸ್ಟೇಗೆ ಬಂದವರ ಕಾರುಗಳು ನಿಲ್ಲುತ್ತವೆ. ನೆನೆಸಿಕೊಳ್ಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ನನ್ನಲ್ಲಿ ಅದೂ ಕಡಿಮೆಯಾಗುತ್ತಿದೆ.

ನಾವು ಅವಳಿ ಮಕ್ಕಳು; ಅವಳು ಗಿರಿಜಾ, ನಾನು ಶೈಲಾ. ಒಂದೇ ಬಟ್ಟೆಯಲ್ಲಿ ಹೊಲಿಸಿದ ಲಂಗ, ಒಂದೇ ಬಗೆಯ ಜಡೆ. ಅಮ್ಮ ಕೂಡ ಒಬ್ಬಳ ತಲೆಗೇ ಎರಡು ಸಲ ಎಣ್ಣೆ ತಿಕ್ಕಿ ಇನ್ನೊಬ್ಬಳನ್ನು ಹಾಗೇ ಬಿಟ್ಟದ್ದುಂಟು. ಅಪ್ಪ ಆ ಗೊಡವೆಗೇ ಹೋಗದೆ ಇಬ್ಬರನ್ನೂ 'ಮಗಾ' ಎಂದುಬಿಡುತ್ತಿದ್ದರು. ಎಂದೂ ತಪ್ಪದವರು ಅಪ್ಪನ ತಂಗಿ ಸರೋಜತ್ತೆ ಒಬ್ಬರೇ. ಕುದುರೆಮುಖದಲ್ಲಿ ಗಣಿ ನಿಂತು ಊರು ಖಾಲಿಯಾದಾಗ, ಇಂಗ್ಲಿಷ್ ಕಲಿಸುತ್ತಿದ್ದ ಶಾಲೆಯಲ್ಲಿ ಮಕ್ಕಳೇ ಇಲ್ಲದಂತಾಗಿ, ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದವರು. ಪಾಠ ಹೇಳದೆ ಇರಲಾರದ ಜೀವ ಅದು. ಕೈಗೆ ಸಿಕ್ಕಿದ್ದು ನಾವಿಬ್ಬರೇ.

ಹರಡಿದ ಕಾಫಿಯನ್ನು ಕಾಲಿನಲ್ಲೇ ಸಾಲು ಎಳೆಯುತ್ತಾ ಮಗುಚುವುದು ನಮ್ಮ ಕೆಲಸ. ಅವಳು ಆ ತುದಿಯಿಂದ, ನಾನು ಈ ತುದಿಯಿಂದ. ಅತ್ತೆ ನೆರಳಲ್ಲಿ ಬುಟ್ಟಿ ಬೋರಲು ಹಾಕಿ ಕೂತು, ಜನ ಸದಾ ಅದಲುಬದಲು ಮಾಡುವ ಇಂಗ್ಲಿಷ್ ಪದಗಳನ್ನು ಜೋಡಿಜೋಡಿಯಾಗಿ ನಮಗೆ ಹಂಚುತ್ತಿದ್ದರು. ಅವರವರ ಪದ ಕೂಗಿದಾಗ ಅವರೇ ನಿಂತು ಒಂದು ವಾಕ್ಯ ಹೇಳಬೇಕು. ಸದ್ದಿಲ್ಲದಿರುವುದು ಎಂಬರ್ಥದ 'ಕ್ವಯಟ್' ಬಾಯಿಬಡುಕಿ ಗಿರಿಜಾಳ ಪಾಲಿಗೆ ಬಂದಿತ್ತು, ಸಾಕಷ್ಟು ಎಂಬರ್ಥದ 'ಕ್ವೈಟ್' ನನ್ನ ಪಾಲಿಗೆ. ಮರುಭೂಮಿಯ 'ಡೆಸರ್ಟ್' ಅವಳದು, ಊಟದ ಮೇಲಿನ ಸಿಹಿಯ 'ಡಿಸರ್ಟ್' ನನ್ನದು. "ನೋಡೋಕೆ ಒಂದೇ ಥರ ಇದ್ರೆ ಒಂದೇ ಆಗ್ತಾವೇನ್ರೇ?" ಎನ್ನುತ್ತಿದ್ದರು ಅತ್ತೆ. ಅದು ಪದಗಳಿಗಷ್ಟೇ ಹೇಳಿದ್ದಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ಆ ಖುಷಿಗೇ ಬಿಸಿಲಲ್ಲಿ ಕಾಲೆಳೆಯುತ್ತಿದ್ದೆ. ಒಮ್ಮೆ ಮರುಭೂಮಿಗೆ ವಾಕ್ಯ ಹೊಳೆಯದೆ ಗಿರಿಜಾ ಕನ್ನಡದಲ್ಲೇ ಕೂಗಿದಳು: "ಅಲ್ಲಿ ಕಾಫಿ ಒಂದೇ ದಿನಕ್ಕೆ ಒಣಗುತ್ತಲ್ಲ ಅತ್ತೆ!" ಅತ್ತೆ ನಕ್ಕೂ ನಕ್ಕೂ ಬುಟ್ಟಿಯಿಂದ ಜಾರಿದರು.

ಅಪ್ಪ, ಅಮ್ಮ ಹೋದರು. ಗಿರಿಜಾಳೂ ಒಂದು ಜ್ವರಕ್ಕೆ ಹೋಗಿಬಿಟ್ಟಳು. ಅತ್ತೆ ಈಗ ನನ್ನ ಜೊತೆಗಿದ್ದಾರೆ; ಅವರ ನೆನಪು ದಿನಾ ಸ್ವಲ್ಪ ಸ್ವಲ್ಪವೇ ಕರಗುತ್ತಿದೆ. ಉಣಿಸಿ, ಮೀಯಿಸಿ, ಕೇಳಿದ್ದಕ್ಕೇ ಮತ್ತೆ ಮತ್ತೆ ಉತ್ತರ ಹೇಳಿ ನನಗೆ ಸಾಕಾಗಿದೆ. ಆ ದಣಿವನ್ನಾದರೂ ತಡೆದೇನು. ನನ್ನನ್ನು ನಾನೆಂದೇ ಗುರುತಿಸುವವರು ಇನ್ನು ಅವರೊಬ್ಬರೇ. ಅವರೂ ತಪ್ಪಿದರೆ ಎಂಬ ಭಯ ನನ್ನನ್ನು ತುಂಬ ದಿನದಿಂದ ಕಾಡುತ್ತಿತ್ತು.

ಇವತ್ತು ಆ ವಾಸನೆಗೆ ಅತ್ತೆಯೂ ತಲೆಯೆತ್ತಿದರು. ಕುರ್ಚಿಯಲ್ಲೇ ಬೆನ್ನು ನೆಟ್ಟಗೆ ಮಾಡಿ, ನನ್ನತ್ತ ಬೆರಳು ತೋರಿ, "ಗಿರಿಜಾ, ಡೆಸರ್ಟ್!" ಎಂದರು.

ನಾನು ಅವಳಲ್ಲ ಎನ್ನಲು ಬಾಯಿ ಬರಲಿಲ್ಲ. "ಅಲ್ಲಿ ಕಾಫಿ ಒಂದೇ ದಿನಕ್ಕೆ ಒಣಗುತ್ತಲ್ಲ ಅತ್ತೆ," ಎಂದೆ.

ಅದೇ ಹಳೆಯ ನಗು ನಕ್ಕರು. ಆಮೇಲೆ ನನ್ನನ್ನು ದಾಟಿ ಬಾಗಿಲಿನತ್ತ ನೋಡಿದರು. "ಶೈಲಾ ಎಲ್ಲೇ? ಈಗ ಅವ್ಳದ್ದು."

"ಇನ್ನೂ ಬಂದಿಲ್ಲ ಅತ್ತೆ."

"ಬರ್ತಾಳೆ ಬಿಡು, ಕಾಯೋಣ," ಎಂದು ಅತ್ತೆ ನನ್ನ ಕೈ ಹಿಡಿದು ಕೂತರು.