ರಕ್ತ ತೋರಿಸಾಕ ಹೋದಾಗ ಹೊರಗ ನಿಂತಾಕಿ

ನನ್ನ ಹೆಂಡತಿ ಸೊರಗಿ ಸೊರಗಿ ಸತ್ತಳು. ಯಾವ ಬ್ಯಾನಿ ಅಂತ ಯಾರೂ ಪರೀಕ್ಷಾ ಮಾಡಿರಲಿಲ್ಲ. ನಾನು ಲಾರಿ ಡ್ರೈವರ್. ನನ್ನಿಂದಲೇ ಏಡ್ಸ್ ಬಂತು ಅಂತ ಊರು ಆಡಿಕೊಂಡಿತು. ಖರೇನೋ ಸುಳ್ಳೋ ನನಗೂ ತಿಳಿಯಬೇಕಿತ್ತು. ಮುರಗೋಡದಿಂದ ಸವದತ್ತಿ ದವಾಖಾನೆಗೆ ಹೋಗಿ ಎಚ್‌ಐವಿ ಪರೀಕ್ಷೆಗೆ ರಕ್ತ ಕೊಟ್ಟೆ.

ಮಧ್ಯಾಹ್ನ ಸಲಹೆ ಹೇಳುವ ಅಕ್ಕಾರು ಒಳಗೆ ಕರೆದರು.

“ಕುಂದರ್ರಿ ಅಣ್ಣಾರ. ನಿಮಗ ಏನೂ ಇಲ್ರಿ. ಹೊರಗ ನಿಂತಾರಲ್ಲ ನಿಮ್ಮ ಮನಿಯವರು, ಅವರಿಗೂ ಹೇಳ್ರಿ. ಆಗಿಂದ ‘ಅವರು ಆರಾಮ ಅದಾರಿಲ್ರಿ’ ಅಂತ ಕೇಳಾಕತ್ತಾರ.”

“ಯಾರು ಅಂತ ನೀವು ಕೇಳಲಿಲ್ಲೇನ್ರಿ?”

“ಕೇಳಿದೆ. ಗಂಡನ ಹೆಸರು ಹೇಳಂಗಿಲ್ಲಂತ. ನಕ್ಕು, ನಿಮ್ಮ ಕಡೆ ಬೆರಳು ಮಾಡಿದ್ರು.”

ಬಾಗಿಲಿಗೆ ಬಂದು ನೋಡಿದೆ. ಹೊರಗೆ ಯಾರೂ ಇರಲಿಲ್ಲ, ಬೆಂಚು ಖಾಲಿ ಇತ್ತು.

“ಬಸ್ ಸ್ಟ್ಯಾಂಡಿಗೆ ಹೋಗಿರಬೇಕ್ರಿ” ಅಂದೆ.

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಟವೆಲ್ ಹಾಕಿದೆ. ಒಬ್ಬ ಮುದುಕ ರೇಗಿದ.

“ಯಾರಿಗೆ ಹಿಡದೀಯೋ ತಮ್ಮಾ?”

“ಮನ್ಯಾಕಿಗ್ರಿ ಅಜ್ಜಾರ.”

“ಎಲ್ಲಿ ಅದಾಳ?”

“ಬರ್ತಾಳ್ರಿ.”

ಬಸ್ ಬಿಟ್ಟಿತು. ಮುದುಕ ನನ್ನನ್ನೇ ನೋಡುತ್ತ ನಿಂತ. ನಾನು ಟವೆಲ್ ತೆಗೆಯಲಿಲ್ಲ. ಬಸ್ಸಿಗೆ ತಡಾ ಮಾಡೂದು ಅಕಿಗೆ ಮೊದಲಿಂದಲೂ ರೂಢಿ.