ಟೊರುನ್ ಹಿಡಿಯಹೋದ ತಪ್ಪು

ಪ್ರವಾಸಿಗರನ್ನು ಜೊತೆಗೆ ಓಡಿಸುತ್ತಲೇ ಬರ್ಗೆನ್ ಎಂಬ ಬಂದರು ಊರನ್ನು ತೋರಿಸುವ ಕೆಲಸದಲ್ಲಿ ಟೊರುನ್ ಹನ್ನೊಂದು ವರ್ಷ ಸವೆಸಿದ್ದಳು. ಕಳೆದ ಬೇಸಿಗೆಯಲ್ಲಷ್ಟೇ ಸೇರಿದ ಐಲಿಫ್‌ನೇ ಬೇಕೆಂದು ಎಲ್ಲರೂ ಕೇಳತೊಡಗಿದಾಗ ಅವಳ ಹೊಟ್ಟೆಗೆ ಕಿಚ್ಚು ಬಿತ್ತು. ತಪ್ಪು ಹಿಡಿಯಲೆಂದೇ ಒಂದು ಬೆಳಿಗ್ಗೆ ಅವನ ಗುಂಪಿನ ಬಾಲ ಹಿಡಿದು ಓಡಿದಳು.

ಮೀನುಪೇಟೆ ದಾಟಿ ಗುಡ್ಡದ ಮೆಟ್ಟಿಲು ಹತ್ತುವಾಗ ಗುಂಪಿನ ಮುದುಕಿಯೊಬ್ಬಳು ಏದುಸಿರು ಬಿಡುತ್ತ ನಿಂತುಬಿಟ್ಟಳು. ಮೇಲಿದ್ದ ಐಲಿಫ್ ಓಡಿ ಇಳಿದು ಬಂದ.

"ಅವಸರ ಏನಿಲ್ಲಮ್ಮ, ಕೆಳಗಿನ ಬಂದರು ಎಲ್ಲಿಗೂ ಓಡಿಹೋಗಲ್ಲ. ಕೂತ್ಕೊಂಡೇ ನೋಡೋಣ," ಎಂದು ಅವಳ ಪಕ್ಕದಲ್ಲೇ ಕುಳಿತ. ಉಳಿದವರೂ ಕುಳಿತರು.

ಟೊರುನ್ ಎಂದೂ ಹಾಗೆ ಹಿಂತಿರುಗಿ ಬಂದವಳಲ್ಲ. ಹಿಂದೆ ಬಿದ್ದವರ ಒಂದು ಮುಖವೂ ಅವಳಿಗೆ ನೆನಪಿಲ್ಲ.

"ಹೇಗಿತ್ತಕ್ಕ ನನ್ನ ಓಟ?" ಎಂದ ಐಲಿಫ್, ಎಲ್ಲರನ್ನೂ ಬೀಳ್ಕೊಟ್ಟ ಮೇಲೆ.

"ತುಂಬ ನಿಧಾನ," ಎಂದಳು. ನಿಜವಾದ ತಪ್ಪೊಂದು ಸಿಕ್ಕಿದ್ದರೆ ಅವಳ ಹೊಟ್ಟೆಯುರಿ ಸ್ವಲ್ಪವಾದರೂ ತಣಿಯುತ್ತಿತ್ತು.