ಫೋನಿನೊಳಗೆ ಉಳಿದ ನೋಟಿಸು

ವಡಾಲದ ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ವಾಚ್‌ಮನ್ ಅಂಗಾರ ಕೂತಿದ್ದಷ್ಟು ವರ್ಷ ಯಾರ ಮನೆಯ ಒಂದು ಚಪ್ಪಲಿಯೂ ಕಳೆಯಲಿಲ್ಲ. ಬೆಳ್ತಂಗಡಿ ಕಡೆಯವನು. ಹೆಂಗಸರ ತರಕಾರಿ ಚೀಲವನ್ನು ಲಿಫ್ಟಿನವರೆಗೆ ತಾನೇ ಹೊರುತ್ತಿದ್ದ. ಅದಕ್ಕೆ ನಾವು ಅವನ ಋಣ ತೀರಿಸಿದ್ದು ಹೀಗೆ.

ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ವೆಂಕಟಸುಬ್ಬಯ್ಯನವರ ಹೆಂಡತಿ ಸರಸ್ವತಿಯವರ ಚಿನ್ನದ ಸರ ಕಾಣೆಯಾಯಿತು. ಪೊಲೀಸರಿಲ್ಲ, ವಿಚಾರಣೆಯಿಲ್ಲ. ಸೊಸೈಟಿಯ ವೆಬ್‌ಸೈಟಿನಲ್ಲಿ ಅಂಗಾರನ ಫೋಟೊ ಹಾಕಿ, ಕೆಳಗೆ ‘ಕಳ್ಳ, ಎಚ್ಚರಿಕೆ’ ಎಂದು ಬರೆದು, ಲಿಂಕನ್ನು ಊರಿಗೆಲ್ಲ ಕಳಿಸಿದರು. ಅವನ ಕೆಲಸ ಹೋಯಿತು. ಕೆಲವು ದಿನಗಳ ಮೇಲೆ ಸರ ಸರಸ್ವತಿಯವರದೇ ದಿಂಬಿನ ಕವರಿನಲ್ಲಿ ಸಿಕ್ಕಿತು. ನೋಟಿಸನ್ನು ಸದ್ದಿಲ್ಲದೆ ತೆಗೆದರು. ಕ್ಷಮೆ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಗೋರೆಗಾಂವ್‌ನಲ್ಲಿ ಅಂಗಾರನಿಗೆ ಹೊಸ ಕೆಲಸ ಸಿಗುವುದರಲ್ಲಿತ್ತು. ಅಲ್ಲಿನ ಸೂಪರ್‌ವೈಸರ್ ಹಿಂದೆ ತನಗೆ ಬಂದಿದ್ದ ಆ ಲಿಂಕನ್ನೇ ಮತ್ತೆ ಒತ್ತಿದ. ‘ಕಳ್ಳ’ ಹಾಗೇ ಇದ್ದ. ಸಂಜೆಯೊಳಗೆ ಸೆಕ್ರೆಟರಿಯಿಂದ ಫೋನ್ ಮಾಡಿಸು, ಇಲ್ಲದಿದ್ದರೆ ಬೇರೆಯವನನ್ನು ಇಟ್ಟುಕೊಳ್ಳುತ್ತೇನೆ ಎಂದು ಹಿಂದಿಯಲ್ಲಿ ಹೇಳಿದ.

ವೆಬ್‌ಸೈಟು ಮಾಡಿದವನು ಸೆಕ್ರೆಟರಿಯ ಮಗ ವಿಕ್ರಂ. ಅಂಗಾರ ಅವನಿಗೆ ಫೋನ್ ಮಾಡಿದ.

"ಸರ್ವರ್‌ನಲ್ಲಿ ತೆಗೆದಾಯ್ತಲ್ಲ ಯಾರ್. ಯಾರಾದ್ರೂ ಕೇಳಿದಾಗಲೆಲ್ಲ ಅದು ಪೇಜನ್ನ ಹೊಸದಾಗಿ ಜೋಡಿಸಿ ಕೊಡುತ್ತೆ. ಆದ್ರೆ ಮುಂಚೆ ನೋಡಿದವರ ಫೋನಲ್ಲಿ ಬ್ರೌಸರ್ ಒಂದು ಕಾಪಿ ಇಟ್ಕೊಂಡಿದೆ, ಸರ್ವರನ್ನ ಕೇಳೋದೇ ಇಲ್ಲ. ಬೇಗ ಓಪನ್ ಆಗ್ಲಿ ಅಂತ ನಾನೇ ಬ್ರೌಸರಿಗೆ ಒಂದು ವರ್ಷ ಇಟ್ಕೋ ಅಂದಿದ್ದೆ. ಫೋಟೊಗಳಿಗೆ ಮಾತ್ರ ಹಾಗೆ ಹೇಳಬೇಕಿತ್ತು, ಪೇಜಿಗೂ ಹೇಳ್ಬಿಟ್ಟೆ."

"ಹಾಗಾದ್ರೆ ಒಂದು ವರ್ಷ ನಾನು ಕಳ್ಳನಾ ಸಾರ್?"

"ಅವರು ರಿಫ್ರೆಶ್ ಮಾಡಿದ್ರೆ ಹೋಗುತ್ತೆ. ಈಗ ಮೀಟಿಂಗಲ್ಲಿದೀನಿ."

ಎಂಥ ಜಾಣತನ ನೋಡಿ. ನೋಟಿಸನ್ನು ನೋಡದೇ ಇದ್ದವರಿಗೆ ಈಗ ನಿಜ ಕಾಣುತ್ತದೆ. ಆಗಲೇ ನಂಬಿದವರಿಗೆ ಸುಳ್ಳೇ ಕಾಣುತ್ತದೆ. ರಿಫ್ರೆಶ್ ಮಾಡಿ ಎಂದು ಅಂಗಾರ ಸೂಪರ್‌ವೈಸರನನ್ನು ಬೇಡಿಕೊಂಡ. ಕಳ್ಳನೇ ಉಪಾಯ ಹೇಳಿಕೊಡುತ್ತಾನೆ ಎಂದು ಅವನು ನಕ್ಕು ಫೋನಿಟ್ಟ.

ಲೋಕಲ್ ರೈಲು ಹಿಡಿದು ಅಂಗಾರ ವಡಾಲಕ್ಕೆ ಓಡಿ ಬಂದ. ಸೆಕ್ರೆಟರಿಯ ಮನೆಯ ಬಾಗಿಲು ತೆರೆದವರು ಸರಸ್ವತಿ.

"ಸರ ಸಿಕ್ಕಿದೆ ಅಂತ ಒಂದು ಮಾತು ಫೋನಲ್ಲಿ ಹೇಳಿ ಅಮ್ಮ. ಅಷ್ಟು ಸಾಕು ನನಗೆ."

"ಆ ನೋಟಿಸು ತೆಗೆದಿದಾರಲ್ಲಪ್ಪ" ಎನ್ನುತ್ತ ಅವರು ತಮ್ಮ ಫೋನಿನಲ್ಲಿ ಪೇಜು ತೆರೆದರು. ಅಲ್ಲೂ ಹಳೆಯದೇ ಬಂತು. ಫೋಟೊ ನೋಡಿದರು, ಬಾಗಿಲಲ್ಲಿ ನಿಂತವನನ್ನು ನೋಡಿದರು. ದಿಂಬಿನಿಂದ ತಾವೇ ಕೈಯಾರೆ ತೆಗೆದ ಸರ ಕೊರಳಲ್ಲಿತ್ತು. ಅದನ್ನು ಸೆರಗಿನೊಳಗೆ ಸೇರಿಸಿಕೊಂಡು, "ಇವರು ಮನೇಲಿಲ್ಲ, ನೀನು ಕೆಳಗೆ ಹೋಗು" ಎಂದು ಬಾಗಿಲು ಹಾಕಿಕೊಂಡರು.